ಕೌದಿಗೂ ಒಂದು ಅಂಕಿತ ಬೇಕು



ವಚನವೊಂದನ್ನು ಓದಿ ಮುಗಿಸುವಾಗ ನಮ್ಮ ಕಣ್ಣು ತಾನಾಗಿಯೇ ಅಂಕಿತವನ್ನು ಹುಡುಕುತ್ತದೆ. ಅಂಕಿತವು ವಚನಕಾರರ ಇಷ್ಟದೈವದ ನಾಮವೇ ಹೊರತು ಅವರ ಸ್ವಂತ ಹೆಸರಲ್ಲ. ಆದರೂ ಇದು ಯಾರ ನುಡಿ ಎಂಬುದನ್ನು ಎಂಟು ಶತಮಾನಗಳು ಕಳೆದ ಮೇಲೂ ನಾವು ಗುರುತಿಸುವುದು ಅದರ ಬಲದಿಂದಲೇ. ನೂಲು ತೆಗೆಯುವುದನ್ನು ಕಾಯಕವಾಗಿಸಿಕೊಂಡಿದ್ದ ಕದಿರ ರೆಮ್ಮವ್ವೆಯ ವಚನಗಳಲ್ಲಿ ನಮಗೆ ಉಳಿದಿರುವುದು ಬೆರಳೆಣಿಕೆಯಷ್ಟು ಮಾತ್ರ. ಆದರೆ 'ಕದಿರರೆಮ್ಮಿಯೊಡೆಯ ಗುಮ್ಮೇಶ್ವರ' ಎಂಬ ಅಂಕಿತದೊಳಗೆ ಆಕೆಯ ಕದಿರೂ ಇದೆ, ಹೆಸರೂ ಇದೆ. ಕಾಯಕವನ್ನೂ ಕಾಯಕ ಮಾಡಿದವಳನ್ನೂ ಕಾಲವು ಬೇರ್ಪಡಿಸಲಾಗಲಿಲ್ಲ.

ಈಗ ನಮ್ಮ ಮನೆಗಳ ಕಡೆಗೆ ತಿರುಗಿ ನೋಡೋಣ. ಅಟ್ಟದ ಮೇಲೆ ಮಡಿಸಿಟ್ಟ ಕೌದಿಯನ್ನು ಹೊಲಿದವರು ಯಾರು? ಬಸವ ಜಯಂತಿಯ ದಿನ ನಾವು ಉಣ್ಣುವ ಮಾದಲಿಯ ಹದವನ್ನು ಈ ಮನೆಗೆ ತಂದವರು ಯಾರು? ಅಜ್ಜಿ ಎಂದೋ, ಮುತ್ತಜ್ಜಿ ಎಂದೋ ಉತ್ತರ ಬರುತ್ತದೆ. ಮುತ್ತಜ್ಜನ ಹೆಸರು ಹೊಲದ ಪಹಣಿಯಲ್ಲಿದೆ. ಮುತ್ತಜ್ಜಿಯ ಹೆಸರು ಕೇಳಿದರೆ ಅನೇಕ ಮನೆಗಳಲ್ಲಿ ಮೌನ ಆವರಿಸುತ್ತದೆ. ಈ ಮೌನವನ್ನು ತುಂಬುವುದಕ್ಕೆ ಮನೆಯಲ್ಲಿಯೇ ಬರೆದು, ಮನೆಯಲ್ಲಿಯೇ ಹೊಲಿದು ಕಟ್ಟಬಹುದಾದ ಒಂದು ಪುಸ್ತಕವನ್ನು ಕುರಿತು ಈ ತಿಂಗಳು ವಿಚಾರ ಮಾಡೋಣ.

ಘಟ್ಟದ ಕೆಳಗಿನ ಮನೆಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಮುತ್ತ ನಮ್ಮ ಸಮಾಜದ ಕುಟುಂಬಗಳು ವಿರಳವಾಗಿ ನೆಲೆಸಿವೆ. ಶಾಲೆ, ಬ್ಯಾಂಕು, ಸರಕಾರಿ ಕಚೇರಿಗಳ ನೌಕರಿಯ ನಿಮಿತ್ತ ಬಯಲುಸೀಮೆಯಿಂದ ಬಂದವರು ಹಲವರು. ವರ್ಗವಾಗಿ ಬಂದವರು ಇಲ್ಲಿಯೇ ಮನೆ ಕಟ್ಟಿಕೊಂಡಿದ್ದಾರೆ. ಅವರ ಮಕ್ಕಳು ಓಣಿಯಲ್ಲಿ ತುಳು ಮಾತನಾಡುತ್ತಾರೆ, ಮನೆಯೊಳಗೆ ಅವ್ವನ ಭಾಷೆ ಕೇಳುತ್ತಾರೆ. ಈ ಸೀಮೆಗೂ ನಮಗೂ ಸಂಬಂಧ ಹೊಸದೇನಲ್ಲ. ವೀರಶೈವ ಅರಸುಮನೆತನವಾದ ಕೆಳದಿಯ ಆಳ್ವಿಕೆಯು 1763ರಲ್ಲಿ ಬಿದನೂರು ಹೈದರಾಲಿಯ ವಶವಾಗುವ ತನಕ ತುಳುನಾಡಿನ ಮೇಲೂ ಹರಡಿತ್ತು.

ಆದರೆ ಇಲ್ಲಿನ ಹವೆಯೇ ಬೇರೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಬಯಲುಸೀಮೆಯ ಚಳಿಗೆ ಹೊಲಿದ ಐದಾರು ಪದರಿನ ಕೌದಿ ಇಲ್ಲಿ ಒಮ್ಮೆ ಒದ್ದೆಯಾದರೆ ವಾರವಾದರೂ ಒಣಗದು. ಕಪ್ಪು ಚುಕ್ಕೆ ಬೀಳುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಅಂಗಡಿಯ ಹಗುರ ಹೊದಿಕೆ ಬಂದ ಮೇಲೆ ಕೌದಿ ಅಟ್ಟವೇರುತ್ತದೆ. ಅಲ್ಲಿಂದ ಅದು ಬೈಕಿನ ಮೇಲಿನ ಮುಸುಕಾಗಿ, ಕೊನೆಗೆ ಒರೆಸುವ ಬಟ್ಟೆಯಾಗಿ ಕಣ್ಮರೆಯಾಗುತ್ತದೆ. ಹೊಲಿದ ಕೈ ಅದಕ್ಕಿಂತ ಮುಂಚೆಯೇ ಹೋಗಿರುತ್ತದೆ. ಊರಿನಲ್ಲಿದ್ದಿದ್ದರೆ ದೊಡ್ಡವ್ವನನ್ನೋ ನೆರೆಯವರನ್ನೋ ಕೇಳಬಹುದಿತ್ತು. ದೂರದ ಊರಿನಲ್ಲಿ ಒಂಟಿಯಾಗಿರುವ ಮನೆಗೆ ಆ ಅನುಕೂಲವೂ ಇಲ್ಲ. ಆದುದರಿಂದ ಬರೆದಿಡುವ ಅವಶ್ಯಕತೆ ಇಂಥ ಮನೆಗಳಿಗೆ ಹೆಚ್ಚು.

ಬಟ್ಟೆಯೂ ಹೊತ್ತಿಗೆಯೇ

ನಮ್ಮ ನಾಡಿನಲ್ಲಿ ಬಟ್ಟೆಗೂ ಬರಹಕ್ಕೂ ಹಳೆಯ ನಂಟುಂಟು. ಹುಣಸೆಬೀಜದ ಸರಿಯಲ್ಲಿ ಇದ್ದಿಲಿನ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಕಡತ ಎಂದು ಹೆಸರು. ಮಠಮಾನ್ಯಗಳ ಲೆಕ್ಕಪತ್ರಗಳು ಶತಮಾನಗಳ ಕಾಲ ಇಂಥ ಕಡತಗಳಲ್ಲಿ ಉಳಿದು ಬಂದವು. ಇಂದಿಗೂ ಕಚೇರಿಯ ಕಾಗದದ ಕಟ್ಟನ್ನು ನಾವು ಕಡತವೆಂದೇ ಕರೆಯುತ್ತೇವೆ.

ಈ ದೃಷ್ಟಿಯಿಂದ ನೋಡಿದರೆ ಕೌದಿಯೂ ಒಂದು ಬಗೆಯ ಕಡತವೇ. ಅಡಿಗೆ ಹಳೆಯ ಸೀರೆ, ಧೋತರಗಳ ಪದರು; ಮೇಲೆ ಇಳಕಲ್ ಸೀರೆಯ ಅಂಚು, ಗುಳೇದಗುಡ್ಡದ ಖಣದ ಚೂರು, ಮಗನ ಶಾಲೆಯ ಅಂಗಿ, ಮಗಳ ಲಂಗದ ತುಂಡು. ಬೇಸಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಹಾಸಿ, ದಪ್ಪ ಸೂಜಿಯಿಂದ ಸಾಲು ಸಾಲಾಗಿ ಹೊಲಿಗೆ ಹಾಕಿದಾಗ ಒಂದು ಮನೆಯ ಹತ್ತಿಪ್ಪತ್ತು ವರ್ಷಗಳು ಒಂದೇ ಹಾಸಿನಲ್ಲಿ ಕೂಡಿಕೊಳ್ಳುತ್ತವೆ. ಇದು ನಮ್ಮದು ಮಾತ್ರವೆಂದು ಹೆಮ್ಮೆಪಡಬೇಕಾಗಿಲ್ಲ. ಬಂಗಾಳದಲ್ಲಿ ಕಾಂಥಾ ಇದೆ, ಸಿಂಧ್ ಪ್ರಾಂತದಲ್ಲಿ ರಲ್ಲಿ ಇದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ನಡುವಿಗೆ ಹೊಲಿಯುತ್ತ ಹೋಗುತ್ತಾರೆ. ಮೂಲೆಗಳಲ್ಲಿ ಬಟ್ಟೆಯ ಮುಕ್ಕೋನದ ಹೂವುಗಳನ್ನಿಡುತ್ತಾರೆ. ಆ ಹೂವಿಲ್ಲದ ಕೌದಿ ಅವರ ಭಾವನೆಯಲ್ಲಿ ಬೆತ್ತಲೆ. ಬಡತನದ ಬಟ್ಟೆಯನ್ನೂ ಬರಿದಾಗಿ ಬಿಡಬಾರದೆಂಬ ಈ ಸಂಸ್ಕಾರ ದೊಡ್ಡದು.

ಕಡತದಲ್ಲಿ ಅಕ್ಷರವಿದೆ, ಕೌದಿಯಲ್ಲಿ ಅಕ್ಷರವಿಲ್ಲ. ವ್ಯತ್ಯಾಸವಿರುವುದು ಇಷ್ಟೇ. ಓದಿ ಹೇಳಬಲ್ಲವರು ಇರುವ ತನಕ ಕೌದಿ ಮಾತನಾಡುತ್ತದೆ; ಅವರು ಹೋದ ದಿನ ಮೂಕವಾಗುತ್ತದೆ.

ಒಂದು ಹಳದಿ ಚೂರು

ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಯ ಒಂದು ಪರಿಚಿತ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಗದಗದ ಕಡೆಯಿಂದ ಬಂದು ಮಗನೊಂದಿಗೆ ನೆಲೆಸಿದ್ದ ಎಂಬತ್ತು ದಾಟಿದ ತಾಯಿ. ಕಾಲೇಜಿಗೆ ಹೋಗುವ ಮೊಮ್ಮಗಳು ಅಟ್ಟದಿಂದ ಕೌದಿ ಇಳಿಸಿ, ನೋಟುಪುಸ್ತಕ ಹಿಡಿದು, ಒಂದೊಂದೇ ಚೂರಿನ ಮೇಲೆ ಬೆರಳಿಟ್ಟು "ಇದು ಯಾರದ ಆಯಿ?" ಎಂದು ಕೇಳುತ್ತಿದ್ದಳು. ಧೋತರದ ಅಂಚು ಆಯಿಯ ಯಜಮಾನರದು. ನೀಲಿ ಖಣ ತವರಿನಿಂದ ಬಂದದ್ದು. ಖಾಕಿ ತುಂಡು ಮಗನ ಶಾಲೆಯ ಚಡ್ಡಿಯದು. ಅಲ್ಲಿಯೇ ಕುಳಿತಿದ್ದ ಮಗ ನಕ್ಕರು.

ಮೂಲೆಯಲ್ಲೊಂದು ಮಾಸಿದ ಹಳದಿ ಚೂರಿತ್ತು. ಅದರ ಮೇಲೆ ಬೆರಳಿಟ್ಟಾಗ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಅದು ಕುಂಚಿಗೆಯ ತುಂಡು. ಮಗನಿಗಿಂತ ಮೊದಲು ಹುಟ್ಟಿ ಎಂಟು ತಿಂಗಳಿಗೆ ತೀರಿಕೊಂಡ ಹೆಣ್ಣುಮಗುವಿನದು. ತನಗೊಬ್ಬ ಅಕ್ಕನಿದ್ದಳೆಂಬುದು ಅರವತ್ತರ ಸಮೀಪದ ಆ ಮಗನಿಗೆ ತಿಳಿದದ್ದು ಅಂದೇ. ಮೊಮ್ಮಗಳು ಪೆನ್ನು ಕೆಳಗಿಟ್ಟು, "ಇದನ್ನ ಬರೀಲೇನು, ಬ್ಯಾಡೇನು?" ಎಂದು ಮೆಲ್ಲಗೆ ಕೇಳಿದಳು. ತಾಯಿ ಹೇಳಿದ್ದು ಎರಡೇ ಮಾತು: "ಬರಿ. ಅಕಿ ಹೆಸರು ಹಾಕಿ ಬರಿ." ಆ ಹೆಸರನ್ನು ನಾನಿಲ್ಲಿ ಬರೆಯಲಾರೆ. ಅದು ಆ ಮನೆಯ ಪುಸ್ತಕಕ್ಕೆ ಸೇರಿದ್ದು.

ಆ ಮೊಮ್ಮಗಳ ಪ್ರಶ್ನೆಯಲ್ಲಿ ಈ ಕಾರ್ಯದ ಧರ್ಮವೆಲ್ಲ ಅಡಗಿದೆ. ಹಿರಿಯರ ನೆನಪು ಅವರ ಸ್ವತ್ತು. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹೇಳಬೇಕಾದವರು ಅವರು. ಬೇಡವೆಂದರೆ ಅಲ್ಲಿಗೆ ಬಿಟ್ಟುಬಿಡಬೇಕು. ಆದರೆ ಕೇಳದೆಯೇ ಇರುವುದು ಗೌರವವಲ್ಲ. ಅನೇಕರು ತಮ್ಮನ್ನು ಯಾರಾದರೂ ಕೇಳಲಿ ಎಂದು ಜೀವಮಾನವೆಲ್ಲ ಕಾದಿರುತ್ತಾರೆ.

ಅಡುಗೆಯ ಅಳತೆ

ಅಡುಗೆಯನ್ನು ಬರೆದಿಡುವುದು ಪಂಡಿತರಿಗೆ ತಕ್ಕ ಕೆಲಸವಲ್ಲವೆಂದು ಯಾರೂ ತಿಳಿಯಬಾರದು. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಪಾಕಕ್ಕೂ ಸ್ಥಳ ಕೊಟ್ಟನು. ಮುಂದೆ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನೇ ರಚಿಸಿದನು. ಕೆಳದಿಯ ಬಸವಪ್ಪ ನಾಯಕನ 'ಶಿವತತ್ತ್ವರತ್ನಾಕರ'ವೆಂಬ ಮಹಾಕೋಶದಲ್ಲಿ ಅಡುಗೆಯ ವಿಚಾರವೂ ಬರುತ್ತದೆ. ಇವರೆಲ್ಲ ಪೂಜ್ಯರೇ. ಆದರೆ ಬರೆದವರ ಹೆಸರು ಉಳಿಯಿತು; ಒಲೆಯ ಮುಂದೆ ಹೊಗೆ ಕುಡಿದು ಹದ ಕಂಡುಕೊಂಡವರ ಹೆಸರು ಉಳಿಯಲಿಲ್ಲ. ನಮ್ಮ ಮನೆಯ ಪುಸ್ತಕವು ಈ ಕೊರತೆಯನ್ನು ನಮ್ಮ ಮಟ್ಟಿಗಾದರೂ ತುಂಬಲಿ.

ಅಡುಗೆ ಬರೆಯುವಾಗ ಎದುರಾಗುವ ಮೊದಲ ತೊಡಕು ಅಳತೆಯದು. ಅಜ್ಜಿಯ ಬಾಯಲ್ಲಿ ಬರುವುದು ಹಿಡಿ, ಚಿಟಿಕೆ, ಸೇರು, ಪಾವು. ಸೇರೆಂದರೂ ಎಲ್ಲ ಕಡೆಯ ಸೇರು ಒಂದೇ ಆಗಿರಲಿಲ್ಲ. ಏಕೀಕರಣಕ್ಕೆ ಮೊದಲು ಧಾರವಾಡ, ವಿಜಯಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿತ್ತು. ಇಲ್ಲಿ ಅಕ್ಕಿಯ ಲೆಕ್ಕ ಮುಡಿಯಲ್ಲಿ ನಡೆಯುತ್ತಿತ್ತು: ಒಂದು ಮುಡಿಗೆ 3 ಕಳಸೆ, ಅಂದರೆ 42 ಸೇರು. 1956ರ ಕಾಯಿದೆಯ ಬಳಿಕ ಹಂತಹಂತವಾಗಿ ಕಿಲೋ, ಲೀಟರುಗಳು ಬಂದವು. ಹೀಗಿರುವಾಗ 'ಒಂದು ಸೇರು' ಎಂದಷ್ಟೇ ಬರೆದರೆ ಮೊಮ್ಮಕ್ಕಳಿಗೆ ಏನೂ ತಿಳಿಯದು. ಅಜ್ಜಿ ಹಿಡಿಯಿಂದ ತೆಗೆದದ್ದನ್ನು ಪಾತ್ರೆಗೆ ಹಾಕುವ ಮೊದಲು ತಕ್ಕಡಿಯ ತಟ್ಟೆಗೆ ಹಾಕಿಸಬೇಕು. ಅವರ ಮಾತನ್ನೂ ಬರೆಯಬೇಕು, ಗ್ರಾಂ ಲೆಕ್ಕವನ್ನೂ ಬರೆಯಬೇಕು.

ಎರಡನೆಯದು ಭಾಷೆ. ಅವರ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಬಾರದು. ಮಾದಲಿಯ ಪುಟ ಹೀಗಿರಲಿ:

"ಗೋಧಿ ಹಿಟ್ಟು ಗಟ್ಟಿ ನಾದಬೇಕು. ದಪ್ಪಗ ಲಟ್ಟಿಸಿ ಹಂಚಿನ ಮ್ಯಾಲ ಗರಿಗರಿ ಆಗೂ ಹಂಗ ಬೇಯಿಸಬೇಕು. ಆರಿದ ಮ್ಯಾಲ ಮುರದು ಕುಟ್ಟು. ಹಿಟ್ಟು ಆಗಬಾರದು, ರವಾ ಹಂಗ ಇರಬೇಕು. ಬೆಲ್ಲ, ಒಣಕೊಬ್ಬರಿ, ಪುಟಾಣಿ, ಗಸಗಸಿ, ಯಾಲಕ್ಕಿ ಹಾಕು. ಉಣ್ಣಾಗ ಬಿಸಿ ಹಾಲು, ತುಪ್ಪ."

ಇದರ ಕೆಳಗೆ ಮಗಳ ಟಿಪ್ಪಣಿ ಬರಲಿ: ಕರಾವಳಿಯ ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಮಾದಲಿ ಮುದ್ದೆಯಾಗುತ್ತದೆ, ಆದುದರಿಂದ ಇಲ್ಲಿ ಬೆಲ್ಲವನ್ನು ಉಣ್ಣುವ ಹೊತ್ತಿಗೇ ಬೆರೆಸುತ್ತೇವೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ, ಆದುದರಿಂದ ಹದಿನೈದು ದಿನಕ್ಕಾಗುವಷ್ಟೇ ಬೀಸಿಸುತ್ತೇವೆ. ಊರು ಬದಲಾದಾಗ ಹೆಣ್ಣುಮಕ್ಕಳ ಬುದ್ಧಿ ಹೇಗೆ ದಾರಿ ಕಂಡುಕೊಂಡಿತೆಂಬುದು ಇಂಥ ಟಿಪ್ಪಣಿಗಳಿಂದಲೇ ತಿಳಿಯುತ್ತದೆ.

ಅಳತೆಯೆಂದಾಗ ಆಯ್ದಕ್ಕಿ ಲಕ್ಕಮ್ಮನನ್ನು ಮರೆಯುವಂತಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಗಂಡ ಮಾರಯ್ಯ ಆಯ್ದು ತಂದಾಗ, ಹೆಚ್ಚಿನದನ್ನು ತಂದ ಸ್ಥಳಕ್ಕೇ ಸುರಿದು ಬರುವಂತೆ ಹೇಳಿದ ತಾಯಿ ಆಕೆ. ಬೇಕಾದಷ್ಟೇ ಎಂಬ ಆ ಅಳತೆ ಅಡುಗೆಮನೆಯಲ್ಲಿ ಹುಟ್ಟಿ ಶರಣಧರ್ಮದ ಅಳತೆಯಾಯಿತು. ಹರಿದ ಸೀರೆಯನ್ನೂ ಬಿಸಾಡದೆ ಹೊದಿಕೆ ಮಾಡುವುದು, ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವುದು ಅದೇ ಅಳತೆಯ ಮುಂದುವರಿಕೆ.

ಮೂರನೆಯ ಮಾತು ನೆರೆಹೊರೆಯದು. ಈ ಸೀಮೆಯ ನಮ್ಮ ಮನೆಗಳಲ್ಲಿ ಈಗ ಪತ್ರೊಡೆಯೂ ನೀರುದೋಸೆಯೂ ಅರಸಿನ ಎಲೆಯ ಗಟ್ಟಿಯೂ ಆಗುತ್ತವೆ. ಆಟಿ ಅಮಾವಾಸ್ಯೆಯ ಮುಂಜಾನೆ ಪಾಲೆಮರದ ತೊಗಟೆಯ ಕಷಾಯವನ್ನು ನೆರೆಮನೆಯಿಂದ ಪಡೆದು ಕುಡಿಯುವವರಿದ್ದಾರೆ. ಇವನ್ನೂ ಪುಸ್ತಕದಲ್ಲಿ ಬರೆಯಬೇಕು. ಕಲಿಸಿಕೊಟ್ಟ ನೆರೆಯ ಅಕ್ಕನ ಹೆಸರನ್ನೂ ಬರೆಯಬೇಕು. ಹಾಗೆಯೇ ಕೂಲಿಗೆ ಕೌದಿ ಹೊಲಿದುಕೊಟ್ಟ ಹೆಣ್ಣುಮಗಳ ಹೆಸರು ನೆನಪಿದ್ದರೆ ಅದೂ ಇರಲಿ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಭಾಷಣ ಮಾಡುವ ನಾವು ಪುಟದ ಮೇಲೆಯೂ ಅದನ್ನು ನಡೆಸಿ ತೋರಿಸಬೇಕು.

ಮೂರು ಊರುಗಳು ಕಲಿಸುವ ಪಾಠ

ಉಳಿಸುವ ವಿದ್ಯೆಯನ್ನು ಕಲಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಜೈನರ ಧವಳಾ ಮೊದಲಾದ ಸಿದ್ಧಾಂತ ಗ್ರಂಥಗಳು ತಾಳೆಗರಿಯ ಮೇಲೆ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ ಹೊರಬಂದಿತು. ಕಾಪಾಡಿದರೆ ಸಾಲದು, ಪ್ರತಿ ಮಾಡಬೇಕು ಎಂಬುದು ಅಲ್ಲಿನ ಪಾಠ.

ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವಿದೆ. ತುಳುವರ ನಿತ್ಯಬದುಕಿನ ಪಾತ್ರೆ ಪರಡಿ, ಕೃಷಿಯ ಸಲಕರಣೆಗಳು ಅಲ್ಲಿ ಗೌರವದ ಸ್ಥಾನ ಪಡೆದಿವೆ. ಮನೆಯವರು ಹಳತೆಂದು ಮೂಲೆಗೆ ತಳ್ಳುವ ವಸ್ತುವೇ ಇತಿಹಾಸವೆಂಬುದನ್ನು ಮಕ್ಕಳಿಗೆ ತೋರಿಸಬೇಕಾದರೆ ಅಲ್ಲಿಗೆ ಕರೆದೊಯ್ಯಬೇಕು.

ಇನ್ನು ನೀರಿನ ಪಾಠ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆಗೆ ನುಗ್ಗಿದುದು ಜನರ ನೆನಪಿನಲ್ಲಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಊರುಗಳಲ್ಲಿ ಮನೆಗಳಿಗೆ ನೀರು, ಕೆಸರು ನುಗ್ಗಿದವು. ಇಂಥ ಸೀಮೆಯಲ್ಲಿ ಒಂದೇ ಪ್ರತಿಯನ್ನು ನಂಬುವುದು ವಿವೇಕವಲ್ಲ. ಒಂದು ಇಲ್ಲಿರಲಿ, ಇನ್ನೊಂದು ಬಯಲುಸೀಮೆಯ ಬಂಧುಗಳ ಮನೆಯಲ್ಲಿರಲಿ.

ಪುಸ್ತಕ ಕಟ್ಟುವ ಕ್ರಮ

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಗೆರೆಯಿಲ್ಲದ ದಪ್ಪ ಕಾಗದದ ನಾಲ್ಕು ನಾಲ್ಕು ಹಾಳೆಗಳನ್ನು ನಡುವೆ ಮಡಿಸಿ, ಮಡಿಕೆಯಲ್ಲಿ ಐದು ರಂಧ್ರ ಮಾಡಿ, ನೂಲಿನ ಗಟ್ಟಿ ದಾರದಿಂದ ಹೊಲಿಯಬೇಕು. ಇಂಥ ನಾಲ್ಕೈದು ಕಟ್ಟುಗಳನ್ನು ಸೇರಿಸಿ ಹೊಲಿದರೆ ಪುಸ್ತಕವಾಯಿತು. ರಟ್ಟಿಗೆ ಹಳೆಯ ಸೀರೆಯ ಬಟ್ಟೆಯನ್ನು ಹೊದಿಸಬಹುದು. ಕೌದಿ ಹೊಲಿಯಬಲ್ಲ ಕೈಗೆ ಇದು ಕಷ್ಟವಲ್ಲ. ಅಜ್ಜಿಯಿಂದಲೇ ಮೊದಲ ಹೊಲಿಗೆ ಹಾಕಿಸುವುದು ಉತ್ತಮ.

ಒಂದೊಂದು ಕೌದಿಗೆ ಎರಡು ಪುಟ ಮೀಸಲಿಡಬೇಕು. ಒಂದರಲ್ಲಿ ಚೌಕಗಳ ನಕ್ಷೆ ಬರೆದು, ಪ್ರತಿ ಚೂರಿಗೂ ಅಂಕೆ ಕೊಡಬೇಕು. ಎದುರು ಪುಟದಲ್ಲಿ ಆ ಅಂಕೆಯ ಕೆಳಗೆ ಯಾರ ಬಟ್ಟೆ, ಯಾವ ಕಾಲದ್ದು, ಹೊಲಿದವರಾರು ಎಂಬುದನ್ನು ಬರೆಯಬೇಕು. ಉದ್ದಗಲ, ಪದರುಗಳ ಸಂಖ್ಯೆ ಇರಲಿ. ಚೆನ್ನಾಗಿರುವ ಕೌದಿಯನ್ನು ಕತ್ತರಿಸಬಾರದು. ಹರಿದುಹೋದದ್ದರಿಂದ ಮಾತ್ರ ಮೂರು ಬೆರಳಗಲದ ತುಂಡು ತೆಗೆದು, ಅಂಟು ಹಚ್ಚದೆ, ಸೂಜಿದಾರದಿಂದಲೇ ಪುಟಕ್ಕೆ ಹೊಲಿಯಬೇಕು. ಬಟ್ಟೆಯಿಂದ ಪುಸ್ತಕ ಉಬ್ಬದಂತೆ ಅಲ್ಲಲ್ಲಿ ಬೆನ್ನಿನ ಬಳಿ ಕಿರಿದಾದ ಕಾಗದದ ಪಟ್ಟಿಗಳನ್ನು ಸೇರಿಸಿ ಹೊಲಿದರೆ ಸಾಕು.

ನೀರಿಗೆ ಹರಡದ ಕಪ್ಪು ಶಾಯಿ ಇಲ್ಲವೆ ಪೆನ್ಸಿಲು ಒಳ್ಳೆಯದು. ಪಾರದರ್ಶಕ ಅಂಟುಪಟ್ಟಿ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನು ಕೆಡಿಸುತ್ತದೆ, ಅದನ್ನು ದೂರವಿಡಬೇಕು. ಮಠದ ಭಂಡಾರಗಳಲ್ಲಿ ತಾಳೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, ಹುಳು ಬಾರದಂತೆ ಬಜೆಯ ಬೇರನ್ನು ಜೊತೆಗಿಡುವ ಕ್ರಮವಿತ್ತು. ಮನೆಯಲ್ಲಿಯೂ ಹಾಗೆಯೇ ಬಜೆಯನ್ನೋ ಒಣ ಬೇವಿನೆಲೆಯನ್ನೋ ಬಟ್ಟೆಯ ಗಂಟಿನಲ್ಲಿ ಕಟ್ಟಿ ಪಕ್ಕದಲ್ಲಿಡಬಹುದು. ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ದೀಪಾವಳಿಯ ಸುಮಾರಿಗೆ ಪುಸ್ತಕವನ್ನು ನೆರಳಿನಲ್ಲಿ ಬಿಡಿಸಿ ಗಾಳಿಯಾಡಿಸಬೇಕು. ಕೌದಿಯನ್ನು ಬಿಸಿಲಿಗೆ ಹಾಕಬೇಕು.

ಮೊಬೈಲಿನಲ್ಲಿ ಅಜ್ಜಿಯ ದನಿಯನ್ನು ಹಿಡಿದಿಡುವುದೂ ಒಳ್ಳೆಯದೇ. ಆದರೆ ಮೊಬೈಲು ಮೂರು ನಾಲ್ಕು ವರ್ಷಗಳಲ್ಲಿ ಬದಲಾಗುತ್ತದೆ. ಕೇಳಿ ಕಾಗದಕ್ಕೆ ಇಳಿಸಿದ ಮಾತೇ ಹೆಚ್ಚು ಕಾಲ ಬಾಳುವುದು.

ಮನೆಗಳೇ ಭಂಡಾರಗಳು

ಫ. ಗು. ಹಳಕಟ್ಟಿಯವರು ವಚನಗಳನ್ನು ಎಲ್ಲಿಂದ ತಂದರೆಂಬುದನ್ನು ನಾವು ಆಗಾಗ ನೆನೆಯಬೇಕು. ಮಠಗಳಲ್ಲಿಯಷ್ಟೇ ಅಲ್ಲ, ಸಾಮಾನ್ಯ ಗೃಹಸ್ಥರ ಮನೆಗಳಲ್ಲಿಯೂ ಬಟ್ಟೆಯಲ್ಲಿ ಸುತ್ತಿಟ್ಟ ತಾಳೆಗರಿಯ ಕಟ್ಟುಗಳಿದ್ದವು. ಅವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಆ ಮನೆಗಳವರು ಬೇಡದ ವಸ್ತುವೆಂದು ಒಲೆಗೆ ಹಾಕಿದ್ದರೆ ಇಂದು ರೆಮ್ಮವ್ವೆಯೂ ಇಲ್ಲ, ಲಕ್ಕಮ್ಮನೂ ಇಲ್ಲ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿ ಹಳ್ಳಿಗಳ ಮನೆಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ರೊಟ್ಟಿಯ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಬಡಿದ ಕೈಗಳ ಹೆಸರು ಬರುವುದಿಲ್ಲ, ಬರುವುದು ಸಾಧ್ಯವೂ ಇಲ್ಲ. ಆದರೆ ಒಂದು ಮನೆಯೊಳಗೆ ಅದು ಸಾಧ್ಯ. ಅಲ್ಲಿ ಕೈಗಳು ನಾಲ್ಕಾರು ಮಾತ್ರ, ಹೆಸರುಗಳು ನಾಲ್ಕಾರು ಮಾತ್ರ.

ಆದುದರಿಂದ ಪುಸ್ತಕದ ಮೊದಲ ಪುಟದಲ್ಲಿ ದೇವರ ಸ್ಮರಣೆಯಾದ ಮೇಲೆ ಮನೆಯ ತಾಯಂದಿರ ಹೆಸರುಗಳನ್ನು ಬರೆಯಿರಿ. ಇಂಥವರ ಪತ್ನಿ, ಇಂಥವರ ತಾಯಿ ಎಂದಲ್ಲ. ಅವರವರ ಹೆಸರು, ತವರೂರು, ಬಲ್ಲ ಕಾಯಕ. ಎಷ್ಟು ತಲೆಮಾರು ಹಿಂದಕ್ಕೆ ಹೋಗಬಲ್ಲಿರೋ ಅಷ್ಟು ಹೋಗಿ. ಗೊತ್ತಿಲ್ಲದ ಕಡೆ ಒಂದು ಗೆರೆ ಖಾಲಿ ಬಿಡಿ; ಯಾರಾದರೂ ಹಿರಿಯರು ನೆನಪು ಮಾಡಿಕೊಟ್ಟಾರು. ನಿಮ್ಮ ಮನೆಯಲ್ಲಿ ಅಜ್ಜಿ ಇರುವುದಾದರೆ ಇಂದೇ ಸಂಜೆ ಅಟ್ಟದಿಂದ ಕೌದಿ ಇಳಿಸಿ ಅವರ ಮುಂದೆ ಹಾಸಿರಿ. ಉಳಿದದ್ದನ್ನು ಅವರೇ ಹೇಳುತ್ತಾರೆ.